ಎರಡು ಆನೆಗಳ ನಡುವೆ ಎಷ್ಟು ಜಾಗ?

ಚಿತ್ರ ಬರೆಯುವವರು ನಾಲ್ಕು ಜನ ಸೇರಿದಾಗ ಪ್ಯಾಟರ್ನ್ ಬಗ್ಗೆ ಮಾತು ಬಂದರೆ ಸಾಕು, ಎಲ್ಲರೂ ಆಕಾರದ ಬಗ್ಗೆಯೇ ಮಾತಾಡುತ್ತಾರೆ. ಯಾವ ಹೂವು, ಯಾವ ಎಲೆ, ಮಾವಿನಕಾಯಿ ಇರಲಾ ನವಿಲಿರಲಾ ಅಂತ. ಆಮೇಲೆ ಆ ಒಂದು ಆಕಾರವನ್ನು ತಿದ್ದಿ ತೀಡಿ ಚಂದ ಮಾಡಿ, ಐಪ್ಯಾಡಿನಲ್ಲಿ ಕಾಪಿ ಮಾಡಿ, ಪೇಸ್ಟ್ ಮಾಡಿ, ಮತ್ತೆ ಪೇಸ್ಟ್ ಮಾಡಿ ಹಾಳೆ ತುಂಬಿಸಿಬಿಡುವುದು. ಕೆಲಸ ಮುಗೀತು. ನೋಡಿದರೆ ತಪ್ಪೇನೂ ಇರುವುದಿಲ್ಲ. ಆದರೆ ಕಣ್ಣು ಅಲ್ಲಿ ನಿಲ್ಲುವುದೂ ಇಲ್ಲ, ಓಡಾಡುವುದೂ ಇಲ್ಲ. ಸುಮ್ನೆ ಜಾರಿ ಹೋಗುತ್ತದೆ.

ನನಗೆ ಅನ್ನಿಸುವುದು ಇಷ್ಟೇ. ಒಂದೇ ಆಕಾರವನ್ನು ಮತ್ತೆ ಮತ್ತೆ ಇಡುವಾಗ ನಾವು ನಿಜವಾಗಿ ಜೋಡಿಸುವುದು ಅವುಗಳ ನಡುವಿನ ಸಂದನ್ನು. ಹೂವನ್ನು ಬರೆಯುವುದು ಒಂದು ಸಲದ ಕೆಲಸ. ಎರಡನೇ ಹೂವು ಎಲ್ಲಿ ಬರಬೇಕು ಎಂದು ಯೋಚಿಸಿದಾಗ ಕಂಪೊಸಿಷನ್ ಶುರುವಾಗುತ್ತದೆ. ಮೂರನೆಯದನ್ನು ಇಟ್ಟ ಮೇಲೆ ಲಯ ಗೊತ್ತಾಗುತ್ತದೆ, ಯಾಕೆಂದರೆ ಆಗ ಎರಡು ಸಂದುಗಳಿರುತ್ತವೆ, ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು. ಕಂಪ್ಯೂಟರಿನಲ್ಲಿ ಪೇಸ್ಟ್ ಮಾಡಿದ ಹೂಗಳು ಸಪ್ಪೆ ಅನ್ನಿಸುವುದು ಎಲ್ಲವೂ ಒಂದೇ ಥರ ಇವೆ ಅನ್ನುವುದಕ್ಕಲ್ಲ. ಗುಳೇದಗುಡ್ಡದ ರವಿಕೆ ಖಣದಲ್ಲೂ ಎಲ್ಲ ಬುಟ್ಟಾಗಳು ಒಂದೇ ಥರ ಇರುತ್ತವೆ, ಯಾರಿಗೂ ಸಪ್ಪೆ ಅನ್ನಿಸಿಲ್ಲ. ಪೇಸ್ಟ್ ಮಾಡಿದ ಹೂಗಳ ನಡುವಿನ ಜಾಗವನ್ನು ಯಾರೂ ಕೂತು ಆರಿಸಿಲ್ಲ, ಸಪ್ಪೆ ಅನ್ನಿಸುವುದು ಅದಕ್ಕೆ.

ಇದನ್ನು ತೀರಾ ಹತ್ತಿರದಿಂದ ನೋಡಬೇಕು ಅಂದರೆ ಧಾರವಾಡ ಕಡೆಯ ಕಸೂತಿ ಹಿಡಿದುಕೊಂಡು ಕೂರಬೇಕು. ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಸೂಜಿ ಹಾಕುತ್ತಾರೆ. ಇಷ್ಟು ಎಳೆ ಬಿಟ್ಟು ಚುಚ್ಚು, ಅಷ್ಟೇ ಎಳೆ ಬಿಟ್ಟು ತೆಗೆ. ದಾರಕ್ಕೆ ಗಂಟು ಹಾಕುವುದೂ ಇಲ್ಲ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುವುದು ಎಂಥ ಕಣ್ಣಿನ ಕೆಲಸ ಅಂತ ಹೇಳಬೇಕಾಗಿಲ್ಲ. ಈಗಿನವರು ಎಳೆ ಎಣಿಸಲು ಬಾರದ ಬಟ್ಟೆಯಾದರೆ ಮೇಲೆ ಜಾಳು ಜಾಳಾದ ಕ್ಯಾನ್ವಾಸ್ ಇಟ್ಟು, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದುಬಿಡುತ್ತಾರೆ.

ಗವಂತಿ ಹೊಲಿಗೆಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಒಂದು ಗೋಪುರದ ಚಿತ್ರ ಹಾಕುತ್ತಿದ್ದೀರಿ ಅಂದುಕೊಳ್ಳಿ. ಸೂಜಿ ಹೋಗುವಾಗ ಮೇಲೆ ಒಂದು ಹೊಲಿಗೆ ಬೀಳುತ್ತದೆ, ಆಮೇಲೆ ಅಷ್ಟೇ ಉದ್ದ ಬಟ್ಟೆಯ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ ಬರುತ್ತದೆ. ಅಂದರೆ ಹೋಗುವ ದಾರಿಯಲ್ಲಿ ನಿಮಗೆ ಕಾಣುವುದು ಅರ್ಧ ಗೋಪುರ: ಗೆರೆ, ಖಾಲಿ, ಗೆರೆ, ಖಾಲಿ. ಬಟ್ಟೆ ತಿರುಗಿಸಿ ನೋಡಿದರೆ ಈ ಕಡೆ ಎಲ್ಲಿ ಖಾಲಿ ಇದೆಯೋ ಅಲ್ಲಿ ಆ ಕಡೆ ಗೆರೆ. ಅದೂ ಅರ್ಧ ಗೋಪುರವೇ, ಉಳಿದರ್ಧ. ಆಮೇಲೆ ಅದೇ ದಾರಿಯಲ್ಲಿ ಸೂಜಿ ವಾಪಸ್ ಬರುತ್ತದೆ, ಅದೇ ತೂತುಗಳಲ್ಲಿ. ಈ ಸಲ ಖಾಲಿ ಬಿಟ್ಟಲ್ಲಿ ಹೊಲಿಗೆ ಬೀಳುತ್ತದೆ. ಎರಡೂ ಕಡೆ ಒಂದೇ ಥರದ ಪೂರ್ತಿ ಗೋಪುರ. ಒಳ್ಳೆಯ ಕೆಲಸವಾದರೆ ಸೀರೆಯ ಯಾವ ಕಡೆ ಒಳಗೆ ಯಾವ ಕಡೆ ಹೊರಗೆ ಅಂತ ಹೇಳಲಾಗದು.

ಇಲ್ಲಿ ಒಂದು ಅಡ್ಡಪ್ರಶ್ನೆ ಬರುತ್ತದೆ. ಗೋಪುರದಲ್ಲಿ ಕವಲುಗಳಿರುತ್ತವಲ್ಲ, ಪಕ್ಕಕ್ಕೆ ಚಾಚಿಕೊಂಡ ಪುಟ್ಟ ಕಳಸ, ಮೆಟ್ಟಿಲು? ಅಲ್ಲಿಗೆಲ್ಲ ಹೋಗಿ ಬಂದರೆ ಮೇಲೆ ಕೆಳಗೆ ಅನ್ನುವ ಲೆಕ್ಕ ತಪ್ಪುವುದಿಲ್ಲವೇ? ತಪ್ಪುವುದಿಲ್ಲ. ಕವಲಿಗೆ ಎಷ್ಟು ಹೊಲಿಗೆ ಹಾಕುತ್ತಾ ಹೋದಿರೋ ಅಷ್ಟೇ ಹಾಕುತ್ತಾ ವಾಪಸ್ ಬರಬೇಕು, ಹೋದದ್ದು ಬಂದದ್ದು ಕೂಡಿದರೆ ಯಾವಾಗಲೂ ಸರಿಸಂಖ್ಯೆ. ಹಾಗಾಗಿ ಮೂಲ ಗೆರೆಗೆ ಮರಳಿದಾಗ ಸೂಜಿ ಬಿಟ್ಟು ಹೋದಾಗ ಇದ್ದ ಕಡೆಗೇ ಬಂದಿರುತ್ತದೆ. ಮೇಲಿದ್ದರೆ ಮೇಲೆ, ಕೆಳಗಿದ್ದರೆ ಕೆಳಗೆ. ಕಸೂತಿ ಹಾಕುವವರು ಇದನ್ನು ಗಣಿತ ಅಂತ ಹೇಳಿಕೊಳ್ಳುವುದಿಲ್ಲ. "ಹೋದ ದಾರಿಗೇ ವಾಪಸ್ ಬಾ" ಅಂತ ಕಲಿಸುತ್ತಾರೆ, ಅಷ್ಟೇ. ಆದರೆ ಗಮನಿಸಿ, ಇಡೀ ಚಿತ್ರ ನಿಂತಿರುವುದು ಖಾಲಿ ಬಿಟ್ಟ ಜಾಗದ ನೆನಪಿನ ಮೇಲೆ. ಹೋಗುವಾಗ ಬಿಟ್ಟ ಸಂದಿನ ಉದ್ದ ಹೊಲಿಗೆಯ ಉದ್ದಕ್ಕೆ ಸಮ ಇಲ್ಲದಿದ್ದರೆ ವಾಪಸ್ ಬರುವಾಗ ಗೋಪುರ ಸೊಟ್ಟಗಾಗುತ್ತದೆ.

ಇನ್ನು ದೂರ ನಿಂತು ಇಡೀ ಸೀರೆ ನೋಡಿ. ಸೆರಗಿನ ಹತ್ತಿರ ದೊಡ್ಡ ದೊಡ್ಡ ಚಿತ್ರಗಳು, ತೇರು, ಅಂಬಾರಿ ಆನೆ, ಗೋಪುರ, ಒಂದಕ್ಕೊಂದು ಹತ್ತಿರ ಹತ್ತಿರ. ಸೀರೆಯ ಒಡಲಿನ ಕಡೆ ಬರುತ್ತಾ ಚಿತ್ರಗಳು ಸಣ್ಣದಾಗುತ್ತವೆ, ನಡುವಿನ ಕಪ್ಪು ಜಾಸ್ತಿಯಾಗುತ್ತದೆ. ಕೊನೆಗೆ ಅಲ್ಲೊಂದು ಇಲ್ಲೊಂದು ಚಿಕ್ಕ ಬುಟ್ಟಾ. ಒಂದೇ ಅಳತೆಯ ಬುಟ್ಟಾವನ್ನು ಸೀರೆ ತುಂಬ ಸಮವಾಗಿ ಹರಡಿದ್ದರೆ ಈ ಓಟ ಇರುತ್ತಿರಲಿಲ್ಲ. ಸಂದು ಅಗಲವಾಗುತ್ತಾ ಹೋಗುವುದರಿಂದಲೇ ಕಣ್ಣು ಸೆರಗಿನ ಕಡೆಯಿಂದ ಒಡಲಿನ ಕಡೆಗೆ ನಡೆದುಕೊಂಡು ಬರುತ್ತದೆ.

ರಂಗೋಲಿಯ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ನೇರ ಚುಕ್ಕಿ 7 ರಿಂದ 1 ಅಂದರೆ 7, ಆಮೇಲೆ ಎರಡೂ ಕಡೆ 5, 3, 1. ಒಟ್ಟು 25 ಚುಕ್ಕಿ. ಸಂದು ಚುಕ್ಕಿ 11 ರಿಂದ 6 ಅಂದರೆ ನಡುವೆ 11, ಎರಡೂ ಕಡೆ 10, 9, 8, 7, 6. ಒಟ್ಟು 91. ಅಂಚಿನವನ್ನು ಬಿಟ್ಟರೆ ನೇರ ಚುಕ್ಕಿಯಲ್ಲಿ ಪ್ರತಿ ಚುಕ್ಕಿಗೂ ತೀರಾ ಹತ್ತಿರದ ನೆಂಟರು ನಾಲ್ಕು. ಸಂದು ಚುಕ್ಕಿಯಲ್ಲಿ ಆರು. ಇಷ್ಟೇ ವ್ಯತ್ಯಾಸ. ಆದರೆ ಅಂಗಳದಲ್ಲಿ ನಿಂತು ನೋಡಿದರೆ ಮೊದಲನೆಯದರಲ್ಲಿ ಕಣ್ಣು ಅಡ್ಡ ಉದ್ದ ಓಡುತ್ತದೆ, ಎರಡನೆಯದರಲ್ಲಿ ಮೂರು ದಿಕ್ಕಿಗೆ ಓಡುತ್ತದೆ, ಹೂವು ನಕ್ಷತ್ರಗಳು ತಾವಾಗಿ ಅರಳುತ್ತವೆ. ಇನ್ನೂ ಒಂದು ಗೆರೆಯನ್ನೂ ಎಳೆದಿರುವುದಿಲ್ಲ! ಬಟ್ಟೆ ಡಿಸೈನ್ ಮಾಡುವವರು ಪಕ್ಕದ ಸಾಲನ್ನು ಅರ್ಧದಷ್ಟು ಕೆಳಗೆ ಜಾರಿಸುತ್ತಾರಲ್ಲ, ಅದೂ ಇದೇ ಉಪಾಯ. ಜಾರಿಸದಿದ್ದರೆ ಬುಟ್ಟಾಗಳ ನಡುವೆ ಅಡ್ಡಕ್ಕೆ ಉದ್ದನೆಯ ಖಾಲಿ ಓಣಿಗಳು ಬಿದ್ದುಬಿಡುತ್ತವೆ, ಹೂಗಳಿಗಿಂತ ಮೊದಲು ಅವೇ ಕಣ್ಣಿಗೆ ಹೊಡೆಯುತ್ತವೆ.

ಚುಕ್ಕಿಗಳ ಸುತ್ತ ಬಳಸಿಕೊಂಡು ಹೋಗುವ ಎಳೆ ರಂಗೋಲಿಯಲ್ಲಿ ಇನ್ನೊಂದು ಮಜಾ ಇದೆ. ಚೌಕವಾಗಿ ಚುಕ್ಕಿ ಇಟ್ಟು, ಎಳೆ ಓರೆಯಾಗಿ ಚುಕ್ಕಿಗಳ ನಡುವೆ ಹೆಣೆದುಕೊಂಡು ಹೋಗಿ ಅಂಚಿಗೆ ಬಂದಾಗ ಮಾತ್ರ ತಿರುಗಬೇಕು ಅಂತ ನಿಯಮ ಮಾಡಿಕೊಳ್ಳಿ. 3 ಸಾಲು, ಸಾಲಿಗೆ 4 ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಇಡೀ ರಂಗೋಲಿ ಮುಗಿಯುತ್ತದೆ. 3 ಸಾಲಿಗೆ 3 ಚುಕ್ಕಿ ಇಟ್ಟರೆ ಮೂರು ಬೇರೆ ಬೇರೆ ಎಳೆ ಬೇಕು. 4 ಕ್ಕೆ 6 ಇಟ್ಟರೆ ಎರಡು. ಶಾಲೆಯಲ್ಲಿ ಕಲಿತ ಮ.ಸಾ.ಅ. (ಎರಡೂ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ನೆನಪಿದೆಯಾ, ಅದೇ. ಚುಕ್ಕಿಯ ಮೇಲೆ ಎಳೆ ಎಲ್ಲೂ ಹಾಯುವುದಿಲ್ಲ ಅನ್ನುವುದು ನನಗೆ ಮುಖ್ಯ. ಎಳೆಗೆ ದಾರಿ ಇರುವುದು ಚುಕ್ಕಿಗಳ ನಡುವೆ ಮಾತ್ರ.

ಈಗ ಆನೆಗಳಿಗೆ ಬರೋಣ.

ಸೋಮನಾಥಪುರ ಮೈಸೂರಿನಿಂದ ಸುಮಾರು 35 ಕಿ.ಮೀ. ಅಲ್ಲಿನ ಕೇಶವ ದೇವಾಲಯವನ್ನು ಹೊಯ್ಸಳ ದೊರೆ ಮೂರನೇ ನರಸಿಂಹನ ಕಾಲದಲ್ಲಿ, 1258 ರಲ್ಲಿ, ಸೋಮನಾಥ ಎಂಬ ದಂಡನಾಯಕ ಕಟ್ಟಿಸಿದ. ಕೆತ್ತಿದವರಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರು ಕಲ್ಲಿನ ಮೇಲೇ ಇದೆ. ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದ್ದು, ಹಾಗಾಗಿ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತು. ಇದೆಲ್ಲ ಎಲ್ಲ ಕಡೆ ಸಿಗುವ ಮಾಹಿತಿ. ನಾನು ಹೇಳಬೇಕೆಂದಿರುವುದು ಗೋಡೆಯ ಕೆಳಭಾಗದ ಪಟ್ಟಿಗಳ ಬಗ್ಗೆ.

ಕೆಳಗಿನಿಂದ ಮೇಲಕ್ಕೆ ಆರು ಸಾಲು: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಎಂಟು ಸಾಲಿವೆ, ಅಲ್ಲಿ ಆನೆಯ ಮೇಲೆ ಸಿಂಹ ಬರುತ್ತದೆ, ಬಳ್ಳಿಯ ಸಾಲು ಎರಡಿವೆ. ಗೈಡುಗಳು ಸಾಮಾನ್ಯವಾಗಿ "ನೋಡಿ ಸಾರ್, ಒಂದು ಆನೆ ಇದ್ದ ಹಾಗೆ ಇನ್ನೊಂದಿಲ್ಲ" ಅಂತ ತೋರಿಸುತ್ತಾರೆ. ನಿಜ, ಒಂದರ ಸೊಂಡಿಲು ಮೇಲೆ, ಇನ್ನೊಂದರದು ಒಳಕ್ಕೆ ಸುರುಳಿ. ನನಗೆ ಆದರೆ ಅದಕ್ಕಿಂತ ಬೆರಗು ಅನ್ನಿಸುವುದು ಬೇರೆಯಾಗದೆ ಉಳಿದದ್ದು. ಆನೆಗಳ ಬೆನ್ನಿನ ಎತ್ತರ ಹೆಚ್ಚು ಕಡಿಮೆ ಆಗುವುದಿಲ್ಲ. ಪಾದಗಳು ಒಂದೇ ಗೆರೆಯ ಮೇಲೆ ನಿಲ್ಲುತ್ತವೆ. ಮುಂದಿನ ಆನೆಯ ಬಾಲಕ್ಕೂ ಹಿಂದಿನ ಆನೆಯ ಸೊಂಡಿಲಿಗೂ ನಡುವಿನ ಕತ್ತಲು ಸುಮಾರಾಗಿ ಅಷ್ಟೇ ಇರುತ್ತದೆ. ಶಿಲ್ಪಿ ಎಲ್ಲವನ್ನೂ ಸಡಿಲ ಬಿಟ್ಟಿಲ್ಲ. ಎತ್ತರ, ನೆಲ, ಸಂದು, ಈ ಮೂರನ್ನು ಬಿಗಿಯಾಗಿ ಹಿಡಿದು ಸೊಂಡಿಲು, ಬಾಲ, ಕಾಲಿನ ನಡೆ ಇಷ್ಟನ್ನೇ ಬಿಟ್ಟುಕೊಟ್ಟಿದ್ದಾನೆ. ಹಾಗಾಗಿಯೇ ಸಾಲು ಸಾಲಾಗಿ ಉಳಿಯುತ್ತದೆ, ಸಂತೆಯಾಗುವುದಿಲ್ಲ.

ಇವತ್ತಿನ ಡ್ರಾಯಿಂಗ್ ಆ್ಯಪ್‌ಗಳಲ್ಲಿ ರ‍್ಯಾಂಡಮ್ ಅಂತ ಒಂದು ಸ್ಲೈಡರ್ ಇರುತ್ತದೆ, ಎಳೆದರೆ ಅಳತೆ, ಕೋನ, ದೂರ ಎಲ್ಲವೂ ಒಟ್ಟಿಗೆ ಚೆಲ್ಲಾಪಿಲ್ಲಿಯಾಗುತ್ತದೆ. ಸಹಜವಾಗಿ ಕಾಣಲಿ ಅಂತ ಜನ ಅದನ್ನು ಎಳೆಯುತ್ತಾರೆ. ಸಹಜವಾಗಿ ಕಾಣುವುದಿಲ್ಲ, ಗಲೀಜಾಗಿ ಕಾಣುತ್ತದೆ.

ಸಾಲುಗಳನ್ನು ಒಂದರ ಮೇಲೊಂದು ಯಾಕೆ ಹೀಗೇ ಪೇರಿಸಿದರು? ಆನೆ ತಳದಲ್ಲಿದ್ದರೆ ಕಟ್ಟಡಕ್ಕೆ ಭಾರ, ಗಟ್ಟಿತನ ಅಂತ ಹೇಳುವುದುಂಟು. ಸರಿಯೇ. ಆದರೆ ಗೆರೆಯ ಲೆಕ್ಕದಲ್ಲಿ ನೋಡಿ. ಆನೆಯ ಮೈ ಅಂದರೆ ದೊಡ್ಡ ನುಣುಪಾದ ಉಬ್ಬು, ಅದನ್ನು ದಾಟಲು ಕಣ್ಣಿಗೆ ಹೊತ್ತು ಬೇಕು. ಕುದುರೆ ಸಾಲಿನಲ್ಲಿ ಕಾಲುಗಳು ಜಾಸ್ತಿ, ಸವಾರರು, ಎತ್ತಿದ ಮುಂಗಾಲು, ನಡುನಡುವೆ ಸಣ್ಣ ಸಣ್ಣ ಕತ್ತಲು. ಕಣ್ಣು ಅಲ್ಲಿ ದಡದಡ ಓಡುತ್ತದೆ. ಅದರ ಮೇಲಿನ ಬಳ್ಳಿಗೆ ಕಾಲೂ ಇಲ್ಲ, ತಲೆಯೂ ಇಲ್ಲ. ಅಲೆಯಲೆಯಾಗಿ ಹೋಗುತ್ತದೆ, ಎಲ್ಲೂ ತುಂಡಾಗುವುದಿಲ್ಲ. ಆ ಬಳ್ಳಿಯ ಮೇಲೆ ಕಥೆಯ ಸಾಲು, ರಾಮಾಯಣ, ಮಹಾಭಾರತ, ಭಾಗವತ. ಇಡೀ ಪಟ್ಟಿಗಳಲ್ಲಿ ಪುನರಾವರ್ತನೆ ಇಲ್ಲದ ಸಾಲು ಇದೊಂದೇ. ಇಲ್ಲಿ ನಿಲ್ಲಬೇಕು, ಯಾರು ಯಾರು ಅಂತ ಗುರುತಿಸಬೇಕು, ಮುಂದಕ್ಕೆ ಹೋಗಬೇಕು. ಕುದುರೆಗಳ ಗದ್ದಲದ ಮೇಲೆ ನೇರವಾಗಿ ಕಥೆಯನ್ನು ಇಟ್ಟಿದ್ದರೆ ಎರಡೂ ಕಲಸಿಹೋಗುತ್ತಿದ್ದವು. ಬಳ್ಳಿ ಅಲ್ಲಿ ಮಾಡುತ್ತಿರುವುದು ಸಂದಿನ ಕೆಲಸ, ಖಾಲಿ ಬಿಡದೆಯೇ ಖಾಲಿಯ ಪರಿಣಾಮ ಕೊಡುವುದು. ಎಂಥ ಉಪಾಯ ಅಲ್ವಾ? ಕಥೆಯ ಮೇಲೆ ಮತ್ತೆ ಮಕರ, ಹಂಸ. ಓಟ ಶುರು.

ಸಂಗೀತ ಕೇಳುವವರು ವಿಳಂಬ, ಮಧ್ಯಮ, ದ್ರುತ ಅನ್ನುತ್ತಾರಲ್ಲ, ಇಲ್ಲಿ ಅವೆಲ್ಲ ಒಂದರ ಮೇಲೊಂದು ಒಟ್ಟಿಗೇ ನಡೆಯುತ್ತಿವೆ. ಒಟ್ಟಿಗೆ ನಡೆದರೂ ಕೆಡದೆ ಇರಲು ಎಲ್ಲರಿಗೂ ಒಂದೇ ತಾಳ ಬೇಕು. ಆ ತಾಳ ಹಾಕುವುದು ಗೋಡೆಯ ಮೂಲೆಗಳು. ದೇವಾಲಯದ ಮೂರು ಗರ್ಭಗುಡಿಗಳ ತಳವಿನ್ಯಾಸ 16 ಮೂಲೆಯ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ 22.5 ಡಿಗ್ರಿಯಷ್ಟು ತಿರುಗಿಸಿ, ಮತ್ತೆ ತಿರುಗಿಸಿ, ಮತ್ತೆ ತಿರುಗಿಸಿದರೆ ನಾಲ್ಕು ಚೌಕಗಳ 16 ಮೂಲೆಗಳು ಸಿಗುತ್ತವೆ. ಹೀಗೆ ಗೋಡೆ ಹೊರಕ್ಕೆ ಚಾಚುತ್ತದೆ, ಒಳಕ್ಕೆ ಮಡಚುತ್ತದೆ, ಮತ್ತೆ ಹೊರಕ್ಕೆ. ಆನೆಯ ಸಾಲಾಗಲಿ ಹಂಸದ ಸಾಲಾಗಲಿ ಪ್ರತಿ ಮಡಿಕೆಯಲ್ಲೂ ಒಟ್ಟಿಗೇ ತಿರುಗಲೇಬೇಕು. ಬೆಳಗಿನ ಓರೆ ಬಿಸಿಲಿನಲ್ಲಿ ಹೋದರೆ ಒಂದು ಮುಖಕ್ಕೆ ಬೆಳಕು, ಪಕ್ಕದ ಮುಖಕ್ಕೆ ನೆರಳು, ಮತ್ತೆ ಬೆಳಕು. ಆರು ಸಾಲುಗಳ ಸಣ್ಣ ಲಯದ ಮೇಲೆ ಇನ್ನೊಂದು ದೊಡ್ಡ ಲಯ ಬಿದ್ದಿರುತ್ತದೆ. ನೋಡುವವರು ಜಗತಿಯ, ಅಂದರೆ ದೇವಾಲಯ ನಿಂತಿರುವ ಎತ್ತರದ ಕಟ್ಟೆಯ ಮೇಲೆ ಪ್ರದಕ್ಷಿಣೆ ಹಾಕಬೇಕು, ನಿಂತಲ್ಲೇ ಇದು ಕಾಣುವುದಿಲ್ಲ. ಫೋಟೋದಲ್ಲಂತೂ ಇಲ್ಲವೇ ಇಲ್ಲ. ಫೋಟೋದಲ್ಲಿ ಒಂದು ಆನೆ ಚಂದ ಬರುತ್ತದೆ, ಸಾಲು ಸತ್ತುಹೋಗುತ್ತದೆ.

ಸಂದೇ ಇಲ್ಲದ ಪ್ಯಾಟರ್ನ್ ಇಲ್ಲವೇ ಅಂತ ಯಾರಾದರೂ ಕೇಳಬಹುದು. ಇದೆ. ಡಚ್ ಕಲಾವಿದ ಎಂ.ಸಿ. ಎಷರ್ ಸ್ಪೇನಿನ ಗ್ರನಾಡಾದಲ್ಲಿರುವ ಅಲ್‌ಹಂಬ್ರಾ ಅರಮನೆಗೆ 1922 ರಲ್ಲಿ ಒಮ್ಮೆ, 1936 ರಲ್ಲಿ ಮತ್ತೊಮ್ಮೆ ಹೋಗಿದ್ದ. ಅಲ್ಲಿನ ಗೋಡೆಯ ಟೈಲುಗಳಲ್ಲಿ ಯಾವುದು ಆಕಾರ, ಯಾವುದು ಹಿನ್ನೆಲೆ ಅಂತ ಹೇಳಲು ಬರುವುದಿಲ್ಲ, ಒಂದು ಮುಗಿದಲ್ಲೇ ಇನ್ನೊಂದು. ಆಮೇಲೆ ಎಷರ್ ಅದನ್ನೇ ಹಕ್ಕಿ, ಮೀನು, ಹಲ್ಲಿಗಳಲ್ಲಿ ಮಾಡುತ್ತಾ ಹೋದ. 1938 ರ ಒಂದು ಮರದಚ್ಚಿನ ಚಿತ್ರದಲ್ಲಿ ಮೇಲೆ ಕಪ್ಪು ಹಕ್ಕಿಗಳು ಹಾರುತ್ತಿವೆ, ಕೆಳಗೆ ಬಿಳಿ ಮೀನುಗಳು. ನಡುವಿನ ಸಾಲಿನಲ್ಲಿ ಹಕ್ಕಿಗಳ ನಡುವೆ ಉಳಿದ ಜಾಗವೇ ಮೀನು. ನನ್ನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೂ ಎಷರ್‌ನ ಚಿತ್ರಗಳನ್ನು ಜಾಸ್ತಿ ಹೊತ್ತು ನೋಡಲು ನನಗೆ ಆಗುವುದಿಲ್ಲ, ಉಸಿರು ಕಟ್ಟಿದ ಹಾಗಾಗುತ್ತದೆ.

ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್‌ನ ಸೂಪ್ ಡಬ್ಬಿಗಳದ್ದು ಇನ್ನೊಂದು ಕಥೆ. 1962 ರ 32 ಕ್ಯಾನ್ವಾಸ್, ಎಲ್ಲವೂ ಒಂದೇ ಡಬ್ಬಿ, ಹೆಚ್ಚು ಕಡಿಮೆ ಲೇಬಲ್ಲಿನ ಮೇಲಿನ ರುಚಿಯ ಹೆಸರು ಮಾತ್ರ ಬೇರೆ. ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿಯಲ್ಲಿ ಮೊದಲು ತೋರಿಸಿದಾಗ ಅಂಗಡಿಯ ಶೆಲ್ಫಿನ ಮೇಲೆ ಇಡುವ ಹಾಗೆ ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಈಗ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಲ್ಲಿ ಅವನ್ನು ಸಾಲಿನ ಮೇಲೆ ಸಾಲಾಗಿ ಚೌಕಟ್ಟಾಗಿ ತೂಗುಹಾಕುವುದು ರೂಢಿ. ಡಬ್ಬಿಗಳು ಅವೇ, ಸಂದು ಬದಲಾಯಿತು. ಒಂದೇ ಸಾಲಿನಲ್ಲಿದ್ದಾಗ ಅದು ನಡೆದು ನೋಡುವ ಸಂಗತಿ, ಒಂದೊಂದೇ ಹೆಸರು ಓದಬಹುದು. ಚೌಕಟ್ಟಿನಲ್ಲಿ ಅದು ಒಂದೇ ನೋಟಕ್ಕೆ ಬೀಳುವ ಕೆಂಪು ಬಿಳಿ ಗೋಡೆ. ನನ್ನನ್ನು ಕೇಳಿದರೆ ಶೆಲ್ಫೇ ಸರಿ.

ನಾನು ಬರೆಯುವುದು ಜಾಸ್ತಿ ತೋಟಗಳನ್ನು. ಅಡಿಕೆ ತೋಟದಲ್ಲಿ ಗಿಡಗಳನ್ನು ಸಾಮಾನ್ಯವಾಗಿ 9 ಅಡಿಗೊಂದರಂತೆ ಚೌಕವಾಗಿ ನೆಡುತ್ತಾರೆ, ಅಂದರೆ ಅದೂ ನೇರ ಚುಕ್ಕಿಯೇ. ನಡೆಯುತ್ತಾ ಹೋದರೆ ಕಂಬಗಳೆಲ್ಲ ಒಮ್ಮೆ ಒಂದರ ಹಿಂದೆ ಒಂದು ಅಡಗಿ ಉದ್ದನೆಯ ಓಣಿ ತೆರೆಯುತ್ತದೆ, ಎರಡು ಹೆಜ್ಜೆ ಇಟ್ಟರೆ ಮುಚ್ಚಿ, ಓರೆಗೆ ಇನ್ನೊಂದು ಓಣಿ ತೆರೆಯುತ್ತದೆ. ಕಾಗದದ ಮೇಲೆ ಇದು ಬರಬೇಕಾದರೆ ಮರ ಬರೆಯಲು ಹೋಗಬಾರದು. ಮೊದಲು ಮರಗಳ ನಡುವಿನ ಕತ್ತಲೆ ಹಸಿರನ್ನೇ ಉದ್ದುದ್ದ ಪಟ್ಟಿಗಳಾಗಿ ತೆಳು ಬಣ್ಣದಲ್ಲಿ ಹಾಕಬೇಕು, ಒಂದು ಅಗಲ, ಒಂದು ಕಿರಿದು, ಹಿಂದಕ್ಕೆ ಹೋಗುತ್ತಾ ಇನ್ನೂ ಕಿರಿದು. ಬಿಳಿಯಾಗಿ ಉಳಿದ ಕಾಗದವೇ ಕಂಬವಾಗುತ್ತದೆ. ಆಮೇಲೆ ಆ ಕಂಬದ ಮೇಲೆ ಅಡಿಕೆಯ ಉಂಗುರ ಗೆರೆ. ಅದನ್ನೂ ಎಲ್ಲ ಕಂಬಗಳಿಗೆ ಹಾಕಿದರೆ ಕೆಟ್ಟಿತು. ಹತ್ತಿರದ ಒಂದೆರಡಕ್ಕೆ ಹಾಕಿದರೆ ಸಾಕು, ಉಳಿದವಕ್ಕೆ ಕಣ್ಣೇ ಹಾಕಿಕೊಳ್ಳುತ್ತದೆ.

ಹಳೆಯ ತೋಟಗಳಲ್ಲಿ ಮರ ಬಿದ್ದ ಜಾಗದಲ್ಲಿ ಸಸಿ ನೆಟ್ಟಿರುತ್ತಾರೆ. ಅಲ್ಲಿ ಮೇಲಿನಿಂದ ಬಿಸಿಲು ಇಳಿಯುತ್ತದೆ, ಸಾಲಿನಲ್ಲಿ ಅಗಲವಾದ ಒಂದು ಸಂದು. ಚಿತ್ರಕ್ಕೆ ಅದು ತುಂಬ ಬೇಕು. ಆದರೆ ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಮೊದಲ ಸಂದೇ ಅಗಲವಾಗಿದ್ದರೆ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಮಾಮೂಲಿ ಎಷ್ಟು ಅಂತ ಅವರಿಗೆ ಇನ್ನೂ ತಿಳಿದಿಲ್ಲ. ಮೂರು ನಾಲ್ಕು ಸಂದು ಸಮವಾಗಿ ದಾಟಿ ಬಂದ ಮೇಲೆ ಅಗಲವಾದದ್ದು ಸಿಕ್ಕರೆ ಕಣ್ಣು ಅಲ್ಲಿ ತಟಕ್ಕನೆ ನಿಲ್ಲುತ್ತದೆ. ಹಾಳೆಯ ತೀರಾ ನಡುವೆ ಇಟ್ಟರೆ ನಾಟಕದ ಪರದೆ ಸರಿಸಿದ ಹಾಗಾಗುತ್ತದೆ, ಹಾಗಾಗಿ ನಾನು ಸ್ವಲ್ಪ ಪಕ್ಕಕ್ಕೆ ಇಡುತ್ತೇನೆ. ಒಂದೇ ಹಾಳೆಯಲ್ಲಿ ಎರಡು ಕಡೆ ಹೀಗೆ ಮಾಡಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ತಾಪತ್ರಯ ಉಳಿಯುತ್ತದೆ: ಅಂಚಿನ ಪಟ್ಟಿ ಮೂಲೆಗೆ ಬಂದಾಗ ಏನು ಮಾಡುವುದು. ಸೀರೆಗೆ ಈ ಕಾಟ ಇಲ್ಲ, ದಡಿ ನೇರ ಓಡುತ್ತದೆ. ದಿಂಬಿನ ಕವರಿಗೋ ಟೇಬಲ್ ಬಟ್ಟೆಗೋ ನಾಲ್ಕು ಮೂಲೆಗಳು. ಒಂದು ತುದಿಯಿಂದ ಬುಟ್ಟಾ ಇಡುತ್ತಾ ಹೋದರೆ ಇನ್ನೊಂದು ತುದಿಯಲ್ಲಿ ಅರ್ಧ ನವಿಲು ಉಳಿದುಬಿಡುತ್ತದೆ. ಅದಕ್ಕೆ ಮೂಲೆಗಳಿಂದಲೇ ಶುರು ಮಾಡಬೇಕು. ನಾಲ್ಕು ಮೂಲೆಗೂ ನಾಲ್ಕು ಕಡೆಯಿಂದ ಒಂದೇ ಥರ ಕಾಣುವ ಆಕಾರ, ಒಂದು ಕಮಲವೋ ನಕ್ಷತ್ರವೋ, ಇಟ್ಟು, ಅಲ್ಲಿಂದ ಎರಡೂ ಕಡೆ ನಡುವಿನ ಕಡೆಗೆ ಎಣಿಸಿಕೊಂಡು ಬರುವುದು. ಎರಡೂ ಕಡೆಯ ಎಣಿಕೆ ನಡುವೆ ಸೇರುವಾಗ ನಾಲ್ಕೋ ಆರೋ ಎಳೆ ಹೆಚ್ಚಾಗಿ ಉಳಿಯುತ್ತವೆ. ಅವನ್ನು ಎಲ್ಲ ಸಂದುಗಳಿಗೆ ಹಂಚಲು ಹೋದರೆ ಇಡೀ ಸಾಲು ಅಲುಗಾಡುತ್ತದೆ. ಬದಲಿಗೆ ನಡುವೆ ಬೇರೆಯದೇ ಒಂದು ಚಿತ್ರ, ತುಳಸಿಕಟ್ಟೆಯಂಥದ್ದು, ಇಟ್ಟುಬಿಡಿ. ಅದರ ಅಗಲ ಇಷ್ಟೇ ಇರಬೇಕು ಅಂತ ಯಾರಿಗೂ ನಿರೀಕ್ಷೆ ಇರುವುದಿಲ್ಲ, ಹಾಗಾಗಿ ಹೆಚ್ಚಾದ ಎಳೆಗಳನ್ನೆಲ್ಲ ಅದೇ ನುಂಗಿಕೊಳ್ಳುತ್ತದೆ.